ಕುರ್ಚಿ ಜೋಡಿಸಿದರಷ್ಟೇ ಸೇವೆಯಲ್ಲ: ವೃತ್ತಿಪರರ ಸಂಘದಲ್ಲಿ ಸೇವಕ ನಾಯಕತ್ವ ನಡೆಸುವುದು ಹೇಗೆ?

ವೈದ್ಯರದಿರಲಿ, ಎಂಜಿನಿಯರುಗಳದಿರಲಿ, ಗ್ರಂಥಪಾಲಕರದಿರಲಿ, ವೃತ್ತಿಪರರ ಸಂಘದ ಅಧ್ಯಕ್ಷರಿಗೆ ಒಂದು ವಿಚಿತ್ರ ಕಷ್ಟವಿದೆ. ಕಚೇರಿಯ ಮೇಲಧಿಕಾರಿಗಿರುವ ಅಸ್ತ್ರಗಳಲ್ಲಿ ಒಂದೂ ಅವರ ಕೈಯಲ್ಲಿಲ್ಲ. ಸಂಬಳ ಏರಿಸುವಂತಿಲ್ಲ, ಬಡ್ತಿ ಕೊಡುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ಬೇಸತ್ತ ಸದಸ್ಯರು ಜಗಳಕ್ಕೂ ಬರುವುದಿಲ್ಲ. ಮುಂದಿನ ವರ್ಷ ಶುಲ್ಕ ಕಟ್ಟುವುದಿಲ್ಲ, ಅಷ್ಟೇ. ಹಾಗಾಗಿ ಸೇವಕ ನಾಯಕತ್ವ, ಅಂದರೆ ಅಪ್ಪಣೆ ಕೊಡುವ ಬದಲು ಜೊತೆಗಿರುವವರ ಅಗತ್ಯಕ್ಕೆ ದುಡಿದು ಅವರನ್ನು ಬೆಳೆಸುವ ನಾಯಕತ್ವ, ಇಲ್ಲಿ ಒಳ್ಳೆಯತನದ ಪ್ರಶ್ನೆಗಿಂತ ಹೆಚ್ಚಾಗಿ ಕೆಲಸ ಸಾಗಿಸುವ ದಾರಿ.

ಈ ಹೆಸರನ್ನು ಚಾಲ್ತಿಗೆ ತಂದವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ದೂರವಾಣಿ ಕಂಪನಿಯೊಂದರಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾದ ಅವರು 1970ರ ಪ್ರಬಂಧವೊಂದರಲ್ಲಿ ನಾಯಕರಿಗೆ ಒಂದು ಪರೀಕ್ಷೆ ಇಟ್ಟರು. ಸೇವೆ ಪಡೆದವರು ಬೆಳೆದರೇ? ಸ್ವತಂತ್ರರಾದರೇ? ತಾವೂ ಸೇವೆಗೆ ಇಳಿದರೇ? ಎಲ್ಲರಿಗಿಂತ ಹಿಂದುಳಿದವರಿಗೆ ಇದರಿಂದ ಏನಾಯಿತು? ಸಂಘದ ಮಟ್ಟಿಗೆ ಹಿಂದುಳಿದವರೆಂದರೆ ಈಗಷ್ಟೇ ವೃತ್ತಿಗೆ ಬಂದವರು, ಒಬ್ಬರೇ ಕಚೇರಿ ನಡೆಸುವವರು, ಸಭೆ ನಡೆಯುವ ಊರಿಂದ ದೂರ ಇರುವವರು.

ಈ ಪರೀಕ್ಷೆಯಲ್ಲಿ ಮೊದಲು ನಪಾಸಾಗುವವರು ಎಲ್ಲವನ್ನೂ ತಾವೇ ಮಾಡುವ ಅಧ್ಯಕ್ಷರು. ಕುರ್ಚಿ ಜೋಡಿಸುವವರೂ ಅವರೇ, ನಡಾವಳಿ ಬರೆಯುವವರೂ ಅವರೇ, ಭಾಷಣಕಾರರಿಗೆ ಫೋನ್ ಮಾಡುವವರೂ ಅವರೇ. ಸಮಿತಿಯ ಉಳಿದವರು ಕೈಕಟ್ಟಿ ನೋಡುತ್ತಾರೆ. ದಣಿವು ನಿಜ, ಮೆಚ್ಚುಗೆಯೂ ನಿಜ. ಆದರೆ ಎರಡು ವರ್ಷ ಕಳೆದರೂ ಇನ್ನೊಬ್ಬರು ಏನನ್ನೂ ಕಲಿತಿರುವುದಿಲ್ಲ.

ಮೊದಲ 6 ವಾರ: 30 ಫೋನ್ ಕರೆ

ಅಧಿಕಾರ ವಹಿಸಿಕೊಂಡ ಕೂಡಲೇ ಯೋಜನೆ ಘೋಷಿಸಬೇಡಿ. ಸದಸ್ಯರ ಪಟ್ಟಿಯಿಂದ 30 ಹೆಸರು ಆರಿಸಿ: ಕಳೆದ ಎರಡು ವರ್ಷದಲ್ಲಿ ಸೇರಿದ 10 ಮಂದಿ, ಹೋದ ವರ್ಷ ನವೀಕರಿಸದೆ ಬಿಟ್ಟ 10 ಮಂದಿ, ತಪ್ಪದೆ ಶುಲ್ಕ ಕಟ್ಟಿಯೂ ಸಭೆಗೆ ಮುಖ ತೋರಿಸದ 10 ಮಂದಿ. ಒಬ್ಬೊಬ್ಬರೊಂದಿಗೆ 20 ನಿಮಿಷ ಸಾಕು. ಪ್ರಶ್ನಾವಳಿ ಕಳಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದನ್ನು ತುಂಬಿ ಕಳಿಸುವವರು ಹೆಚ್ಚಾಗಿ ತುಂಬಾ ಖುಷಿಯಲ್ಲಿರುವವರು ಇಲ್ಲವೇ ತುಂಬಾ ಸಿಟ್ಟಿನಲ್ಲಿರುವವರು. ನಡುವಿನವರ ದನಿ ಅದರಲ್ಲಿ ಸಿಗದು.

‘ಸಂಘ ಏನು ಮಾಡಬೇಕು?’ ಎಂದು ಕೇಳಿದರೆ ಆ ಕ್ಷಣಕ್ಕೆ ಹೊಳೆದ ಬಯಕೆಗಳ ಪಟ್ಟಿ ಸಿಗುತ್ತದೆ. ಬದಲಿಗೆ ಹೀಗೆ ಕೇಳಿ: ಕಳೆದ ತಿಂಗಳು ಕೆಲಸದಲ್ಲಿ ಯಾವುದು ತಲೆನೋವಾಯಿತು? ಅದಕ್ಕೆ ಯಾರನ್ನು ಕೇಳಿದಿರಿ? ಸಂಘದಿಂದ ಬಂದದ್ದರಲ್ಲಿ ಕೊನೆಯ ಬಾರಿ ಉಪಯೋಗಕ್ಕೆ ಬಂದದ್ದು ಯಾವುದು? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ದೂರು ಬಂದಾಗ ‘ಹಾಗಲ್ಲ, ಅದು ಏನಾಯಿತೆಂದರೆ...’ ಎಂದು ಸಮರ್ಥನೆಗೆ ಇಳಿದಿರೋ, ಆ ಕರೆ ಅಲ್ಲಿಗೇ ಮುಗಿಯಿತು.

ಕರೆಗಳು ಮುಗಿದ ಮೂರು ವಾರದೊಳಗೆ ಒಂದು ಪುಟದ ಪತ್ರ ಎಲ್ಲ ಸದಸ್ಯರಿಗೂ ಹೋಗಬೇಕು: ಕೇಳಿಸಿಕೊಂಡದ್ದು ಇದು, ಈ ವರ್ಷ ಮಾಡುವುದು ಇದು, ಮಾಡದೆ ಬಿಡುವುದು ಇದು ಮತ್ತು ಅದಕ್ಕೆ ಕಾರಣ ಇದು. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದೇ ಇರುವುದು ವಾಸಿ.

ಕೆಲಸವನ್ನು ತುಂಡು ಮಾಡಿ ಕೊಡಿ

‘ಯಾರೂ ಮುಂದೆ ಬರುವುದಿಲ್ಲ’ ಎಂಬ ಗೊಣಗಾಟ ಇಲ್ಲದ ಸಂಘ ಸಿಗುವುದು ಕಷ್ಟ. ಜನರಿಗೆ ಮನಸ್ಸಿಲ್ಲ ಎಂದಲ್ಲ, ಕೊಡುವ ಕೆಲಸಕ್ಕೆ ಅಂಚೇ ಇರುವುದಿಲ್ಲ. ‘ಪ್ರಕಟಣಾ ಸಮಿತಿಗೆ ಸೇರಿಕೊಳ್ಳಿ’ ಎಂದರೆ ಎಷ್ಟು ಗಂಟೆ, ಎಷ್ಟು ವರ್ಷ, ಮಧ್ಯೆ ಬಿಟ್ಟುಹೋಗಬಹುದೇ ಎನ್ನುವುದು ಯಾರಿಗೂ ಗೊತ್ತಾಗದು. ‘ಮಾರ್ಚ್ ಸಂಚಿಕೆಯ 4 ಲೇಖನಗಳ ಕರಡು ತಿದ್ದಬೇಕು, ಒಟ್ಟು 6 ಗಂಟೆಯ ಕೆಲಸ, ಫೆಬ್ರುವರಿ 20ರೊಳಗೆ ಮುಗಿಯಬೇಕು’ ಎಂದು ನೋಡಿ. ಉತ್ತರ ‘ಆಗಲ್ಲ’ ಎಂದೇ ಬಂದರೂ ಅದು ಸ್ಪಷ್ಟವಾಗಿ ಬರುತ್ತದೆ.

ಪ್ರತಿ ಕೆಲಸಕ್ಕೂ ಅರ್ಧ ಪುಟ ಬರೆದಿಡಿ. ಏನು ಮಾಡಬೇಕು, ಎಷ್ಟು ಗಂಟೆ, ಯಾವುದಾದರೆ ಮುಗಿದಂತೆ, ಸಂದೇಹ ಬಂದರೆ ಯಾರನ್ನು ಕೇಳಬೇಕು, ಯಾರನ್ನೂ ಕೇಳದೆ ಏನೇನು ನಿರ್ಧರಿಸಬಹುದು ಮತ್ತು ಎಷ್ಟು ಖರ್ಚು ಮಾಡಬಹುದು. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನೇ. ನಿರ್ಧಾರವನ್ನು ತಮ್ಮಲ್ಲೇ ಉಳಿಸಿಕೊಂಡು ಓಡಾಟವನ್ನು ಮಾತ್ರ ಹಂಚುವ ಅಧ್ಯಕ್ಷರಿಗೆ ಸ್ವಯಂಸೇವಕರು ಸಿಗುತ್ತಾರೆ, ಆದರೆ ಉಳಿಯುವುದಿಲ್ಲ.

ಸಭೆಯಲ್ಲಿ ‘ಆಸಕ್ತರು ಕೈ ಎತ್ತಿ’ ಎಂದು ಕರೆ ಕೊಟ್ಟರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ, ಅವರನ್ನೇ ಏಕೆ ಕೇಳುತ್ತಿದ್ದೀರಿ ಎಂಬುದನ್ನೂ ಹೇಳಿ. ಮೊದಲು 2–3 ಗಂಟೆಯ ಕೆಲಸ, ಆಮೇಲೆ 10 ಗಂಟೆಯದು, ಅದಾದ ಮೇಲೆ ಅನುಭವಿಯೊಬ್ಬರ ಜೊತೆಗೂಡಿ ಉಪಸಮಿತಿ. ಒಂದೇ ನೆಗೆತಕ್ಕೆ ಸಂಚಾಲಕರನ್ನಾಗಿ ಮಾಡಿದರೆ ಮುಂದಿನ ವರ್ಷ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಗಡುವು ಮೀರಿದರೆ? ಎರಡನೆಯ ದಿನವೇ ಫೋನ್ ಮಾಡಿ. ಕೆಲಸ ಅರ್ಥವಾಗಿಲ್ಲವೋ, ಸಮಯ ಸಿಕ್ಕಿಲ್ಲವೋ ಕೇಳಿ. ಮೊದಲನೆಯದಾದರೆ ಜೊತೆಗೆ ಕೂತು ಅರ್ಧ ಗಂಟೆ ಮಾಡಿ ತೋರಿಸಿ. ಎರಡನೆಯದಾದರೆ ಕೆಲಸವನ್ನು ಚಿಕ್ಕದು ಮಾಡಿ, ಅದೂ ಆಗದಿದ್ದರೆ ಮುಜುಗರವಾಗದಂತೆ ಬಿಡುಗಡೆ ಮಾಡಿ. ಅವರಿಗೆ ಹೇಳದೆ ನೀವೇ ಮಾಡಿ ಮುಗಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ಅವರು ಸಂಘದಿಂದ ಸದ್ದಿಲ್ಲದೆ ಜಾರಿಕೊಳ್ಳುತ್ತಾರೆ, ನಿಮಗೆ ಕಾರಣವೇ ತಿಳಿಯುವುದಿಲ್ಲ.

ಸಭೆಯಲ್ಲಿ ಕೊನೆಗೆ ಮಾತಾಡಿ

ಕಾರ್ಯಕಾರಿ ಸಮಿತಿಯ ಸಭೆಗೆ 90 ನಿಮಿಷ ಗಡಿ ಹಾಕಿ. ಕಾಗದಪತ್ರಗಳು 7 ದಿನ ಮೊದಲೇ ಎಲ್ಲರ ಕೈಸೇರಲಿ. ಹಿಂದಿನ ನಡಾವಳಿ, ಉಪಸಮಿತಿಗಳ ವರದಿ, ಮಾಮೂಲಿ ಮಂಜೂರಾತಿಗಳನ್ನು ಒಂದೇ ಕಟ್ಟಾಗಿ ಒಂದೇ ಒಪ್ಪಿಗೆಯಲ್ಲಿ ಮುಗಿಸಬಹುದು. ಯಾರಾದರೂ ಚರ್ಚೆ ಬೇಕೆಂದ ವಿಷಯವನ್ನು ಮಾತ್ರ ಕಟ್ಟಿನಿಂದ ಹೊರತೆಗೆದರಾಯಿತು. ವರದಿಗಳನ್ನು ಗಟ್ಟಿಯಾಗಿ ಓದಿಸುವ ರೂಢಿಯಷ್ಟು ಸಮಯ ತಿನ್ನುವುದು ಇನ್ನೊಂದಿಲ್ಲ. ಹೀಗೆ ಉಳಿದದ್ದರಲ್ಲಿ 40 ನಿಮಿಷವನ್ನು ಆ ತಿಂಗಳ ಒಂದೇ ದೊಡ್ಡ ಪ್ರಶ್ನೆಗೆ, ಅದೂ ಎಲ್ಲರ ತಲೆ ಚುರುಕಾಗಿರುವ ಆರಂಭದಲ್ಲೇ ಕೊಡಿ.

ಮೊದಲು ಮಾತಾಡಬೇಕಾದವರು ಸಮಿತಿಗೆ ಹೊಸಬರು. ಅಧ್ಯಕ್ಷರದು ಕೊನೆಯ ಸರದಿ, ಏಕೆಂದರೆ ಅವರು ಅಭಿಪ್ರಾಯ ಹೇಳಿದ ಮೇಲೆ ಉಳಿದವರ ಮಾತು ಅದಕ್ಕೆ ಹೌದು ಅಥವಾ ಅಲ್ಲ ಎನ್ನುವುದಷ್ಟಕ್ಕೇ ಇಳಿಯುತ್ತದೆ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಮೊದಲು ಪ್ರಕಟಿಸಿದ, ಇಂದಿಗೂ ಪರಿಷ್ಕೃತ ರೂಪದಲ್ಲಿ ಬಳಕೆಯಲ್ಲಿರುವ ಸಭಾ ನಿಯಮಗಳ ಪ್ರಕಾರ, ದೊಡ್ಡ ಸಭೆಯಲ್ಲಿ ಚರ್ಚೆಗೆ ಇಳಿಯಬೇಕೆನಿಸಿದ ಅಧ್ಯಕ್ಷರು ಆ ವಿಷಯ ಮುಗಿಯುವವರೆಗೆ ಪೀಠವನ್ನೇ ಬಿಟ್ಟುಕೊಡಬೇಕು. ಸಣ್ಣ ಸಮಿತಿಗೆ ಅಷ್ಟು ಬಿಗಿ ಬೇಡ, ಆದರೆ ಅದರ ಹಿಂದಿನ ಎಚ್ಚರ ಬೇಕು.

ಮತ 6–5 ಎಂದು ಸೀಳಿದಾಗ, ತುರ್ತಿಲ್ಲದಿದ್ದರೆ, ಮುಂದಿನ ಸಭೆಗೆ ಇಡಿ. ನಡುವೆ ಸೋತ ಐವರ ಆತಂಕ ಏನೆಂದು ಕೇಳಿಸಿಕೊಳ್ಳಿ. ಒಂದೇ ಸಲ ಮುಂದೂಡಿ. ಎಲ್ಲರೂ ಒಪ್ಪಲಿ ಎಂದು ಕಾಯುತ್ತಾ ಕೂತರೆ ಹಟಮಾರಿ ಒಬ್ಬರ ಕೈಗೆ ಸಂಘದ ಲಗಾಮು ಹೋಗುತ್ತದೆ.

ಬೇಡ ಎನ್ನುವುದೂ ಸೇವೆಯೇ

ಜೋರಾಗಿ ಮಾತಾಡುವ ನಾಲ್ವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಸುಮ್ಮನಿರುವ ಉಳಿದವರಿಗೆ ಮೋಸ ಮಾಡಿದಂತೆ. ಬೈಲಾ ಮೀರಿದ ಬೇಡಿಕೆ, ಪದಾಧಿಕಾರಿಯ ಸ್ವಂತ ಸಂಸ್ಥೆಗೆ ಗುತ್ತಿಗೆ, ಕೊನೆಗಳಿಗೆಯ ಖರ್ಚು, ಇಂಥವಕ್ಕೆ ಬೇಡವೆನ್ನಿ, ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಸಂಬಳದ ಸಿಬ್ಬಂದಿ ಇರುವ ಸಂಘದಲ್ಲಿ ಇನ್ನೊಂದು ಎಚ್ಚರ ಬೇಕು. ಐವರು ಪದಾಧಿಕಾರಿಗಳು ತಲಾ ಒಂದು ‘ಸಣ್ಣ’ ಕೆಲಸ ಹೇಳಿದರೆ ಗುಮಾಸ್ತರ ದಿನವೇ ಮುಗಿದುಹೋಗುತ್ತದೆ. ಸಿಬ್ಬಂದಿಗೆ ಕೆಲಸ ಹೇಳುವವರು ಒಬ್ಬರೇ ಇರಲಿ.

ವರ್ಷಕ್ಕೆ ಮೂರು ಎಣಿಕೆ

ಸಭಾಂಗಣ ತುಂಬಿತೆಂದು ಬೀಗಬೇಡಿ, ಹೆಸರುವಾಸಿ ಭಾಷಣಕಾರರು ಬಂದರೆ ಅದು ತುಂಬಿಯೇ ತುಂಬುತ್ತದೆ. ಮೊದಲ ವರ್ಷದ ಸದಸ್ಯರಲ್ಲಿ ನೂರಕ್ಕೆ ಎಷ್ಟು ಮಂದಿ ನವೀಕರಿಸಿದರು, ಸಂಘದ ಕೆಲಸವನ್ನು ಮೊದಲ ಸಲ ಕೈಗೆತ್ತಿಕೊಂಡವರು ಎಷ್ಟು, ಉಪಸಮಿತಿಗಳ ಹೊಣೆ ಎಷ್ಟು ಹೊಸಬರಿಗೆ ಹೋಯಿತು, ಈ ಮೂರನ್ನು ವಾರ್ಷಿಕ ವರದಿಯಲ್ಲಿ ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲೇ ಹಾಕಿ.

ಕೆಳಗಿಳಿಯುವುದಕ್ಕೆ 6 ತಿಂಗಳು

ಅವಧಿ ಮುಗಿಯುವ 6 ತಿಂಗಳ ಮೊದಲೇ ಮುಂದಿನವರನ್ನು, ಆಯ್ಕೆ ಇನ್ನೂ ಆಗಿಲ್ಲದಿದ್ದರೆ ಉಪಾಧ್ಯಕ್ಷರನ್ನು, ಪ್ರತಿ ಮುಖ್ಯ ಮಾತುಕತೆಗೂ ಜೊತೆಗೆ ಕರೆದೊಯ್ಯಿರಿ. ಕೊನೆಯ ಎರಡು ಸಭೆಗಳನ್ನು ಅವರೇ ನಡೆಸಲಿ. ಒಂದು ಕಡತ ಸಿದ್ಧಮಾಡಿ: ತಿಂಗಳವಾರು ಮಾಡಬೇಕಾದ ಕೆಲಸ, ಕರಾರುಗಳು ಮುಗಿಯುವ ದಿನಾಂಕ, ಬಾಯಿಮಾತಲ್ಲಿ ಕೊಟ್ಟ ಭರವಸೆಗಳು, ನೀವು ಕೈಹಾಕಿ ಕೈಸುಟ್ಟುಕೊಂಡ ಪ್ರಯತ್ನಗಳು. ಸಾಧನೆಗಳ ಪಟ್ಟಿ ಅದರಲ್ಲಿ ಬೇಡ, ಅದಕ್ಕೆ ವಾರ್ಷಿಕ ವರದಿ ಇದೆ.

ಅಧಿಕಾರ ಬಿಟ್ಟ ಮೊದಲ ವರ್ಷ ಕೇಳದೆ ಸಲಹೆ ಕೊಡಬೇಡಿ. ‘ನಮ್ಮ ಕಾಲದಲ್ಲಿ’ ಎಂದು ಶುರುಮಾಡುವ ಮಾಜಿ ಅಧ್ಯಕ್ಷರು ಇಬ್ಬರಿದ್ದರೆ ಸಾಕು, ಹೊಸಬರ ಅವಧಿ ಅವರನ್ನು ಸಮಾಧಾನಪಡಿಸುವುದರಲ್ಲೇ ಕಳೆಯುತ್ತದೆ. ಹೊರಡುವ ವಾರ ಬ್ಯಾಂಕ್ ಖಾತೆಯ ಸಹಿದಾರರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಲು ಅರ್ಜಿ ಕೊಡಿ, ಸಂಘದ ಇಮೇಲ್‌ನ ಪಾಸ್‌ವರ್ಡ್ ಅನ್ನು ಹೊಸ ಕಾರ್ಯದರ್ಶಿ ನಿಮ್ಮೆದುರೇ ಬದಲಿಸಲಿ, ಅದು ಏನೆಂದು ನೀವು ನೋಡಬೇಡಿ.