ಸಿಟ್ಟಿಗೂ ಒಂದು ತಾಲೀಮು

ಮೇಜು ಗುದ್ದಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬಲಗೈ ಕಿರುಬೆರಳು ಮೂರು ದಿನ ಊದಿಕೊಂಡಿತ್ತು.

ಕಾಡಿನಲ್ಲಿ ನಾವಿರುವ ಜಾಗಕ್ಕೆ ಹಕ್ಕು ಕೇಳಿ ಹಾಕಿದ್ದ ಅರಣ್ಯ ಹಕ್ಕಿನ ಅರ್ಜಿಗಳು ಎಲ್ಲಿಗೆ ಬಂದವು ಅಂತ ಕೇಳಲು ನಮ್ಮ ಕೇರಿಯ ಐದು ಜನ ಪೇಟೆಯ ಒಂದು ಕಚೇರಿಗೆ ಹೋಗಿದ್ದೆವು. ಮಾತಾಡಬೇಕಾದವಳು ನಾನು. ಅಲ್ಲಿದ್ದವರು ಫೈಲು ಹುಡುಕುವುದು ಬಿಟ್ಟು ನನ್ನ ಗುಂಗುರು ಕೂದಲು ನೋಡಿ ನಕ್ಕರು. "ನೀವು ಆಫ್ರಿಕಾದವರಲ್ವಾ? ಕನ್ನಡ ಯಾವಾಗ ಕಲಿತಿರಿ?" ಅಂದರು. ನನಗೆ ನೆತ್ತಿಗೇರಿತು. ಮೇಜು ಗುದ್ದಿದೆ, ಕೂಗಾಡಿದೆ, ತಂದ ಕಾಗದಗಳನ್ನು ಅಲ್ಲೇ ಎಸೆದು ಹೊರಗೆ ಬಂದೆ. ಬರುವಾಗ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ಜೊತೆ ಬಂದಿದ್ದ ಅಜ್ಜ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ನಿನ್ನ ಸಿಟ್ಟು ತಣಿಯಿತಲ್ಲ ಮಗಾ, ನನ್ನ ಅರ್ಜಿ ಏನಾಯ್ತು?"

ಅರ್ಜಿ ತಿರಸ್ಕಾರ ಆಗಿತ್ತು. ಅದು ನಮಗೆ ಗೊತ್ತಾಗಿದ್ದು ತಿಂಗಳುಗಳ ನಂತರ. ಇಂಥ ಅರ್ಜಿಗಳನ್ನು ನೋಡುವ ಉಪವಿಭಾಗ ಮಟ್ಟದ ಸಮಿತಿಯ ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು, ಆದರೆ ಅದಕ್ಕೆ 60 ದಿನಗಳ ಗಡುವು. ಆ ದಿನ ನಾನು ಬಾಯಿ ಮುಚ್ಚಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಮಗಿನ್ನೂ ಸಮಯ ಇತ್ತು.

ನಾನು ಸಿದ್ದಿ ಹೆಂಗಸು, ಯಲ್ಲಾಪುರದ ಕಡೆಯವಳು. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಈ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ನಮ್ಮವರೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ. ಅಷ್ಟರ ತನಕ ಕಚೇರಿಗಳಲ್ಲಿ ನಮ್ಮ ಪರ ಮಾತಾಡಿದವರು ಹೆಚ್ಚಾಗಿ ಬೇರೆಯವರೇ.

ಬೆರಳಿನ ಊತ ಇಳಿದ ಮೇಲೂ ಅಜ್ಜನ ಮಾತು ಇಳಿಯಲಿಲ್ಲ. ಆ ವರ್ಷವೇ ಧಾರವಾಡದಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಜೇಮ್ಸ್ ಲಾಸನ್ ಎಂಬವರ ಕಥೆ ಹೇಳಿದರು. ಅಮೆರಿಕದ ಕಪ್ಪು ಜನಾಂಗದ ಪಾದ್ರಿ. 1953ರಿಂದ ಮೂರು ವರ್ಷ ನಮ್ಮ ನಾಗಪುರದಲ್ಲೇ ಇದ್ದು, ಗಾಂಧಿಯ ದಾರಿ ತಿಳಿದುಕೊಂಡು ಹೋದವರು. ವಾಪಸ್ ಹೋಗಿ ನ್ಯಾಶ್ವಿಲ್ ಊರಿನ ಒಂದು ಚರ್ಚಿನಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತಾಲೀಮು ಕೊಟ್ಟರು. ಯಾವುದರ ತಾಲೀಮು? ಬೈಸಿಕೊಳ್ಳುವುದರ ತಾಲೀಮು! ಕಪ್ಪು ಜನರಿಗೆ ಊಟ ಕೊಡದ ಹೋಟೆಲು ಕೌಂಟರುಗಳಲ್ಲಿ ಹೋಗಿ ಕೂರಬೇಕಿತ್ತು. ಅಲ್ಲಿ ಏನೇನಾಗಬಹುದು ಎಂಬುದನ್ನೆಲ್ಲ ಮೊದಲೇ ನಾಟಕದ ಹಾಗೆ ಆಡಿ ನೋಡುತ್ತಿದ್ದರು. ಅರ್ಧ ಜನ ದಬ್ಬುವವರು, ಹೀಯಾಳಿಸುವವರು. ಇನ್ನರ್ಧ ಜನ ಅಲುಗದೆ ಕೂರಬೇಕು. ಹೋಗುವವರ ಕೈಗೆ ನಿಯಮದ ಚೀಟಿ ಕೂಡ ಇತ್ತು. ತಿರುಗಿ ಹೊಡೆಯಬಾರದು, ಬೈಯಬಾರದು, ಜೋರಾಗಿ ನಗಬಾರದು, ಕೌಂಟರ್ ಕಡೆಗೇ ಮುಖ ಮಾಡಿ ನೆಟ್ಟಗೆ ಕೂರಬೇಕು.

ನನಗೆ ಇದು ಹಿಡಿಸಿತು. ನಾಯಕಿಯಾಗಲು ಧೈರ್ಯ ಬೇಕು, ಮಾತು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಎರಡೂ ನನ್ನಲ್ಲಿ ಬೇಕಾದಷ್ಟಿದ್ದವು. ಮೇಜು ಗುದ್ದಿದ್ದೂ ಆ ಧೈರ್ಯದಿಂದಲೇ ಅಲ್ವಾ?

ಊರಿಗೆ ಬಂದು ನಮ್ಮ ಸಂಘದ ಹೆಂಗಸರ ಜೊತೆ ಜಗುಲಿಯಲ್ಲಿ ಶುರು ಮಾಡಿದೆವು. ಒಬ್ಬಳು ಸಾಹೇಬ. ತಲೆಗೆ ಟವೆಲ್ಲು ಸುತ್ತಿ, ಅಡಿಕೆ ಒಣಗಿಸುವ ತಟ್ಟಿ ಮುಂದಿಟ್ಟುಕೊಂಡು ಕೂತಳು. "ಏನ್ರೀ, ಆಧಾರ್ ಕಾರ್ಡ್ ಇದೆಯಾ? ಸೀದಾ ಕಾಡಿಂದ ಬಂದ್ರಾ?" ಅಂತ ಎಷ್ಟು ಚೆನ್ನಾಗಿ ಆಡಿದಳೆಂದರೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೊದಲ ವಾರ ಪೂರ್ತಿ ಹಾಗೇ ಹೋಯಿತು. ಜೋರಾಗಿ ನಗಬಾರದು ಅಂತ ಆ ಚೀಟಿಯಲ್ಲಿ ಯಾಕೆ ಬರೆದಿದ್ದರು ಅಂತ ಆಗ ಗೊತ್ತಾಯಿತು.

ಎರಡನೇ ವಾರ ನನ್ನ ಸರದಿ. ಸಾಹೇಬಳು ಎದ್ದು ಬಂದು ನನ್ನ ಕೂದಲು ಮುಟ್ಟಿ "ಇದು ನಿಜವಾದ್ದಾ?" ಅಂದಳು. ನನ್ನದೇ ಸಂಘದವಳು, ನಾಟಕ ಅಂತ ಗೊತ್ತಿದೆ. ಆದರೂ ಕಿವಿ ಬಿಸಿಯಾಯಿತು, ಕೈ ಮುಷ್ಟಿ ಕಟ್ಟಿತು. ಸಿಟ್ಟು ನನಗೆ ಮೊದಲು ಕಿವಿಯಲ್ಲಿ ಬರುತ್ತದೆ ಅಂತ ಅವತ್ತು ಕಂಡುಕೊಂಡೆ. ಇದು ಸಣ್ಣ ವಿಷಯ ಅನಿಸಬಹುದು. ನನಗೆ ಮಾತ್ರ ಇದರಿಂದ ಬಹಳ ಉಪಯೋಗ ಆಗಿದೆ. ಈಗಲೂ ಕಿವಿ ಬಿಸಿಯಾದರೆ ಬ್ಯಾಗಿನಿಂದ ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿಯುತ್ತೇನೆ. ಬಾಯಲ್ಲಿ ನೀರಿದ್ದರೆ ಬೈಯಲು ಆಗುವುದಿಲ್ಲ.

ಇದಕ್ಕೆ ನಮ್ಮ ಹುಡುಗರು ತಕರಾರು ತೆಗೆದರು. "ಅಕ್ಕ, ಅವರು ಬೈದರೆ ನಾವು ನೀರು ಕುಡೀಬೇಕಾ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನ್ಯಾಶ್ವಿಲ್‌ನವರು ಸುಮ್ನೆ ಕೂತವರಲ್ಲ. 1960ರ ಫೆಬ್ರವರಿಯಲ್ಲಿ ಕೂತರು, ಜೈಲಿಗೆ ಹೋದರು. ಅವರ ಜನ ಪೇಟೆಯ ಅಂಗಡಿಗಳಲ್ಲಿ ಕೊಳ್ಳುವುದನ್ನೇ ನಿಲ್ಲಿಸಿದರು. ಏಪ್ರಿಲ್ 19ರಂದು ಅವರ ವಕೀಲರ ಮನೆಗೆ ಬಾಂಬು ಬಿತ್ತು. ಅದೇ ದಿನ ಸಾವಿರಾರು ಜನ ಮೆರವಣಿಗೆಯಲ್ಲಿ ಮೇಯರ್ ಕಚೇರಿಗೆ ನಡೆದರು. ಅಲ್ಲಿ 21 ವರ್ಷದ ಡಯೇನ್ ನ್ಯಾಶ್ ಎಂಬ ಹುಡುಗಿ ಮೇಯರನ್ನು ನೇರವಾಗಿ ಕೇಳಿದಳು, ಬಣ್ಣ ನೋಡಿ ಭೇದ ಮಾಡುವುದು ತಪ್ಪು ಅಂತ ನಿಮಗೆ ಅನಿಸುತ್ತದೆಯೇ ಅಂತ. ಮೇಯರ್ ಎಲ್ಲರ ಎದುರು ಹೌದು ಅನ್ನಬೇಕಾಯಿತು. ಮೇ 10ಕ್ಕೆ ಆ ಕೌಂಟರುಗಳು ಕಪ್ಪು ಜನರಿಗೆ ತೆರೆದವು.

ಮನೆಗೆ ಬಾಂಬು ಬಿದ್ದ ದಿನ ಅಂಥ ನೇರ ಪ್ರಶ್ನೆ ಕೇಳಲು ಎಷ್ಟು ಹಿಡಿತ ಬೇಕು! ಅವತ್ತಿನಿಂದ ನನ್ನದೊಂದು ರೂಢಿ. ಯಾವ ಕಚೇರಿಗೆ ಹೋದರೂ ಹಿಂದಿನ ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ. ಒಂದೇ. ಅದಕ್ಕೆ ಉತ್ತರ ಸಿಗುವ ತನಕ ಬೇರೆ ಮಾತಿಲ್ಲ, ಕೂದಲಿನ ಮಾತೂ ಇಲ್ಲ.

ಆ ನೋಟ್‌ಬುಕ್ಕೇ ನನ್ನ ಎರಡನೇ ಶಿಸ್ತು. 200 ಪುಟದ ಉದ್ದ ಪುಸ್ತಕ. ತಾರೀಕು, ಯಾರನ್ನು ಕಂಡೆ, ಏನು ಹೇಳಿದರು, ಯಾವ ಕಾಗದ ಕೊಟ್ಟೆ, ಸ್ವೀಕೃತಿ ಸಿಕ್ಕಿತೋ ಇಲ್ಲವೋ. ಇಷ್ಟನ್ನು ಅವತ್ತೇ, ಬಸ್ಸಿಂದ ಇಳಿಯುವ ಮೊದಲೇ ಬರೆಯಬೇಕು. ಘಾಟಿಯ ತಿರುವುಗಳಲ್ಲಿ ಬರೆದ ಅಕ್ಷರ ನನಗೆ ಬಿಟ್ಟು ಇನ್ಯಾರಿಗೂ ಓದಲು ಬರುವುದಿಲ್ಲ. ಮನೆಗೆ ಹೋಗಿ ಬರೆಯೋಣ ಅಂದುಕೊಂಡ ದಿನ ಬರೆದಿದ್ದೇ ಇಲ್ಲ. ಒಲೆ, ಎಮ್ಮೆ, ಮಕ್ಕಳು, ಮುಗಿಯಿತು.

ಅರಣ್ಯ ಹಕ್ಕಿನ ಕೆಲಸ ಇಡೀ ಕಾಗದದ್ದೇ. ನಾವು ಪಂಗಡದವರು, ಹಾಗಾಗಿ 2005ರ ಡಿಸೆಂಬರ್ 13ಕ್ಕಿಂತ ಮೊದಲಿಂದ ಆ ಜಾಗದಲ್ಲಿ ಇದ್ದೇವೆ ಅಂತ ತೋರಿಸಿದರೆ ಸಾಕು. ಆದರೆ ಒಂದೇ ಪುರಾವೆ ಸಾಲದು. ಹಿರಿಯರ ಹೇಳಿಕೆ, ಹಳೇ ಬಾವಿ, ಮನೆಯ ಪಾಯ, ಸಮಾಧಿ, ಇವೆಲ್ಲ ಪುರಾವೆಯಾಗುತ್ತವೆ. ಅಜ್ಜನ ಅರ್ಜಿಯನ್ನು ಮತ್ತೆ ಮೊದಲಿಂದ ತಯಾರು ಮಾಡುವಾಗ, ಅವರ ಅಪ್ಪನನ್ನು ಮಣ್ಣು ಮಾಡಿದ ಜಾಗವನ್ನು ಪೊದೆ ಸವರಿ ಹುಡುಕಿದೆವು. ನಾಲ್ಕು ಕಲ್ಲು ಹಾಗೇ ಇದ್ದವು. ಅಜ್ಜ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತರು. ನಾನು ಅಳುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ದುಡ್ಡಿನ ಮಾತೂ ಹೇಳಬೇಕು. ಒಮ್ಮೆ ಸಂಘದ ಉಳಿತಾಯದ 340 ರೂಪಾಯಿ ನನ್ನ ಮನೆ ದುಡ್ಡಿನ ಜೊತೆ ಸೇರಿಹೋಯಿತು. ಕದ್ದಿದ್ದಲ್ಲ, ಖರ್ಚಾಗಿ ಹೋಗಿದ್ದೇ ಗೊತ್ತಾಗಲಿಲ್ಲ. ವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಯಾರೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಈಗ ಸಂಘದ ದುಡ್ಡಿಗೆ ಬೇರೆ ಡಬ್ಬಿ, ಬೀಗದ ಕೈ ಇನ್ನೊಬ್ಬಳ ಹತ್ತಿರ. ನಗದು ಪುಸ್ತಕ ಬರೆಯದೆ ನಾನು ಮಲಗುವುದಿಲ್ಲ.

ಬೆಳಿಗ್ಗೆ ಬೇಗ ಏಳುವುದು, ಸಭೆಗೆ ಹೊತ್ತಿಗೆ ಸರಿಯಾಗಿ ಹೋಗುವುದು ಇವೆಲ್ಲ ಇದ್ದದ್ದೇ. ಅಡಿಕೆ ತೋಟದ ಕೂಲಿಗೆ ಹೋದವರಿಗೆ ಬೇಗ ಏಳುವುದನ್ನು ಯಾರೂ ಕಲಿಸಬೇಕಿಲ್ಲ.

ನನಗೆ ಇವತ್ತಿಗೂ ಸರಿಯಾಗಿ ಬಾರದ ರೂಢಿ ಹಿಂದೆ ಸರಿದು ಕೂರುವುದು. ಎಲ್ಲ ಕಡೆ ನಾನೇ ಮಾತಾಡಿದರೆ ನನ್ನ ನಂತರ ಯಾರೂ ಇರುವುದಿಲ್ಲ, ಗೊತ್ತಿದೆ. ಬಾಯಿ ಕೇಳಬೇಕಲ್ಲ. ಹೋದ ತಿಂಗಳು ನಮ್ಮ ಕೇರಿಯ ಹುಡುಗಿಯೊಬ್ಬಳನ್ನು, ಡಿಗ್ರಿ ಮುಗಿಸಿದವಳು, ಒಳಗೆ ಕಳಿಸಿ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಅದೇ ಕಚೇರಿ. ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಳಗೆ ಯಾರೋ ನಕ್ಕ ಹಾಗೆ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಅರ್ಧ ಬಾಟಲಿ ನೀರು ಖಾಲಿ ಮಾಡಿದೆ.

ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದಳು. ಸ್ವೀಕೃತಿ ನನ್ನ ಕೈಗೆ ಕೊಟ್ಟಳು. ಸೀಲು ನೋಡಿ ಮಡಚಿ ಚೀಲಕ್ಕೆ ಹಾಕಲು ಹೋದೆ.

"ತಡೀರಿ ಅಕ್ಕ, ಈ ಕಡೆಯದ್ದನ್ನ ನೋಡಿ" ಅಂದಳು. "ತಾರೀಕು ನಾಲ್ಕು ದಿನ ಹಿಂದಿನದು ಹಾಕಿದ್ದರು. ಕೂತು ಸರಿ ಮಾಡಿಸಿಕೊಂಡೆ, ಅದಕ್ಕೇ ಲೇಟಾಯ್ತು."

ಹಳೇ ತಾರೀಕಿನ ಮೇಲೆ ಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡಿಸಿದ್ದಳು. ನಾನು ಸೀಲು ಮಾತ್ರ ನೋಡಿದ್ದೆ.