ತಾಂತ್ರಿಕ ಲಕೋಟೆಯಲ್ಲೇ ತಿರಸ್ಕೃತವಾಗುತ್ತಿದ್ದ ಟೆಂಡರ್: ಸರಿಪಡಿಸಿದ ಕ್ರಮ

ನಗರಸಭೆಯೊಂದಕ್ಕೆ ಬೀದಿದೀಪದ ಸಾಮಗ್ರಿ ಪೂರೈಸಲು ನಮ್ಮ ಪಾಲುದಾರಿಕೆ ಸಂಸ್ಥೆ ಕರ್ನಾಟಕ ಸರ್ಕಾರದ ಖರೀದಿ ಟೆಂಡರ್‌ಗಳ ಕೆಪಿಪಿಪಿ ಪೋರ್ಟಲ್ ಮೂಲಕ ಸಲ್ಲಿಸಿದ ಮೂರು ಬಿಡ್‌ಗಳೂ ಅರ್ಹತೆಯ ದಾಖಲೆಗಳಿರುವ ತಾಂತ್ರಿಕ ಲಕೋಟೆಯ ಹಂತದಲ್ಲೇ ತಿರಸ್ಕೃತವಾದವು. ಎರಡನೆಯ ಸಲ ದರ ಇಳಿಸಿದೆವು. ದ್ವಿಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆ ಅಂಗೀಕಾರವಾಗದೆ ದರವಿರುವ ಆರ್ಥಿಕ ಲಕೋಟೆಯನ್ನು ತೆರೆಯುವುದೇ ಇಲ್ಲವಾದ್ದರಿಂದ ಅದು ವ್ಯರ್ಥ. ಹೊಸ ಡಿಜಿಟಲ್ ಸಹಿಯ ಟೋಕನ್ ಕೊಂಡದ್ದೂ, ದಾಖಲೆಗಳ ರಾಶಿ ಹೆಚ್ಚಿಸಿದ್ದೂ ಫಲ ಕೊಡಲಿಲ್ಲ.

ದೋಷವಿದ್ದದ್ದು ಹೆಸರಿನಲ್ಲಿ. ಪಾಲುದಾರಿಕೆ ಪತ್ರ, ಬ್ಯಾಂಕ್ ಖಾತೆ ಹಾಗೂ ಅನುಭವ ಪ್ರಮಾಣಪತ್ರಗಳಲ್ಲಿ ಸಂಸ್ಥೆಯ ಹೊಸ ಹೆಸರಿದ್ದರೆ, ಪ್ಯಾನ್ ಮತ್ತು ಜಿಎಸ್‌ಟಿಯಲ್ಲಿ ಹಳೆಯದೇ ಉಳಿದಿತ್ತು. ಜಿಎಸ್‌ಟಿಯ ಕಾನೂನಾತ್ಮಕ ಹೆಸರು ಪ್ಯಾನ್‌ನಿಂದಲೇ ಬರುವುದರಿಂದ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ (ನಾವು ಮಾಡಿ ಒಂದು ತಿಂಗಳು ಕಳೆದೆವು): ಮೊದಲು ಪ್ಯಾನ್ ತಿದ್ದುಪಡಿ, ಬಳಿಕ ಜಿಎಸ್‌ಟಿ, ಆಮೇಲೆ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ, ಕೊನೆಗೆ ಪೋರ್ಟಲ್‌ನ ವಿವರ ಹಾಗೂ ಹೊಸ ಹೆಸರಿನ ಕ್ಲಾಸ್ 3 ಡಿಜಿಟಲ್ ಸಹಿ. ವಹಿವಾಟಿನ ಪ್ರಮಾಣಪತ್ರವನ್ನೂ ಲೆಕ್ಕಪರಿಶೋಧಕರಿಂದ ಹೊಸ ಹೆಸರಿನಲ್ಲಿ, ಪ್ರಮಾಣಪತ್ರ ಅಸಲಿಯೇ ಎಂದು ಪರಿಶೀಲಿಸಲು ನೆರವಾಗುವ ಯುಡಿಐಎನ್ ಸಂಖ್ಯೆಯೊಡನೆ ಪಡೆದೆವು.

ಇಎಂಡಿ (ಬಿಡ್‌ದಾರರು ಇಡಬೇಕಾದ ಮುಂಗಡ ಠೇವಣಿ) ಮೊತ್ತವನ್ನು ಕೊನೆಯ ದಿನಕ್ಕೆ ಬಿಡದೆ 4 ದಿನ ಮೊದಲೇ ಪಾವತಿಸಿ, ಪಾವತಿ ದೃಢಪಟ್ಟದ್ದನ್ನು ಪೋರ್ಟಲ್‌ನಲ್ಲಿ ನೋಡಿದ ನಂತರವೇ ಬಿಡ್ ಸಲ್ಲಿಸಿದೆವು. ನಾಲ್ಕನೆಯ ಬಿಡ್‌ನ ತಾಂತ್ರಿಕ ಲಕೋಟೆ ಅಂಗೀಕಾರವಾಯಿತು.