ಕಂಬಗಳು ಕುಂಟುವುದನ್ನು ನಿಲ್ಲಿಸಿದ್ದು

ಕಂಬಗಳ ಸಾಲಿನ ಉದ್ದಕ್ಕೂ ಕ್ಯಾಮೆರಾ ನಿಧಾನವಾಗಿ ಸರಿಯುವ ಸಿನಿಮಾದ ಒಂದೇ ದೃಶ್ಯವನ್ನು ನನ್ನ ಟಿವಿಯಲ್ಲಿ ಇನ್ನೂರು ಸಲವಾದರೂ ನೋಡಿರಬೇಕು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಕಂಬಗಳು ಕುಂಟುತ್ತಿದ್ದವು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಸ್ಥಿರಚಿತ್ರ; ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುವ 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ, ಗೊತ್ತಿದ್ದದ್ದೇ. ಸರಸ್ವತಿಪುರದ ನಮ್ಮ ಮನೆಗೆ ಬಂದ ಗೆಳೆಯರು ಮಾತ್ರ ‘ದೋಷ ನಿನ್ನ ಕಣ್ಣಿನದು’ ಎಂದರು.

ಮೊದಲು ಅಂಗಡಿಯವರ ಮಾತು ಕೇಳಿ ಎರಡು ಸಾವಿರದ ಚಿಲ್ಲರೆ ಕೊಟ್ಟು ಎಚ್‌ಡಿಎಂಐ ಕೇಬಲ್ ತಂದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಟಿವಿಯ ಚಲನೆ ನಯಗೊಳಿಸುವ ಸೌಲಭ್ಯ ಹಾಕಿದರೆ ಸಿನಿಮಾ ಟಿವಿ ಧಾರಾವಾಹಿಯಂತೆ ಕಂಡಿತು. ಒಂದೇ ಸಂಜೆಗೆ ಆರಿಸಿದೆ. ಆ ಟಿವಿ 24 ಹರ್ಟ್ಜ್ ಸಂಕೇತವನ್ನೇ ಒಪ್ಪುತ್ತಿರಲಿಲ್ಲ. ಕೊನೆಗೆ ಆಂಪ್ಲಿಫಯರ್ ಮಾರಿ, ಮಂಡ್ಯದ ಒಂದು ಮನೆಯಿಂದ 120 ಹರ್ಟ್ಜ್‌ನ ಹಳೆಯ ಟಿವಿಯನ್ನು ಹದಿನೆಂಟು ಸಾವಿರಕ್ಕೆ ಕೊಂಡು, ಕಂಬಳಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿ ತಂದೆ. ಪ್ರತಿ ಫ್ರೇಮ್ ಸರಿಯಾಗಿ ಐದು ಸಲ. ಕಂಬಗಳು ನೆಟ್ಟಗೆ ನಡೆದವು.

ಆದರೂ ಆಗಾಗ ಒಂದು ಮುಗ್ಗರಿಕೆ. ಸ್ಟಾಪ್‌ವಾಚ್ ಹಿಡಿದು ಕುಳಿತೆ: 41, 42, ಮತ್ತೆ 42 ಸೆಕೆಂಡು. ಆಗ ಹೊಳೆಯಿತು. ಬ್ಲೂ-ರೇ ಡಿಸ್ಕ್‌ನಲ್ಲಿದ್ದದ್ದು ಸೆಕೆಂಡಿಗೆ 23.976 ಫ್ರೇಮ್, ಸಿನಿಮಾ ಓಡಿಸುವ ನನ್ನ ಕಂಪ್ಯೂಟರ್ ಪೆಟ್ಟಿಗೆ ಕಳಿಸುತ್ತಿದ್ದದ್ದು ನಿಖರವಾದ 24. ಆ ಸಣ್ಣ ವ್ಯತ್ಯಾಸ ಸುಮಾರು 42 ಸೆಕೆಂಡಿಗೆ ಒಂದು ಇಡೀ ಫ್ರೇಮ್ ಆಗುತ್ತದೆ. ಸಿನಿಮಾ ಓಡಿಸುವ ಕೋಡಿ ತಂತ್ರಾಂಶದಲ್ಲಿ ರಿಫ್ರೆಶ್ ದರವನ್ನು (ಪರದೆಯಲ್ಲಿ ಚಿತ್ರ ಮೂಡುವ ವೇಗ) ಹೊಂದಿಸುವ ಆಯ್ಕೆ ಹಾಕಿದರಷ್ಟೇ ಸಾಲದು, ಪೆಟ್ಟಿಗೆಯ ಗ್ರಾಫಿಕ್ಸ್ ಕಾರ್ಡ್ ಆ ದರವನ್ನು ನಿಜವಾಗಿ ಕೊಡಬೇಕು. ಅದಕ್ಕೆ ಬರೆದ ಎರಡು ಸಾಲಿನ ಸೆಟ್ಟಿಂಗ್ ಅನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನಾಲ್ಕು ತಿಂಗಳ ದುಡಿಮೆ ಅದು. ದರ ಬದಲಾಗುವಾಗ ಪರದೆ ಕಪ್ಪಾಗಿ ಮೊದಲ ಮಾತು ನುಂಗಿಹೋಗುತ್ತದೆ, ಮೂರು ಸೆಕೆಂಡು ವಿರಾಮ ಕೊಡಿ ಎಂಬುದನ್ನು ಮಾತ್ರ ಹೇಳಬಲ್ಲೆ. ಕಣ್ಣಿನ ದೋಷ ಎಂದವರೇ ಕಳೆದ ಭಾನುವಾರ ಬಂದು ಅದೇ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು.

ನಡುವೆ ಇನ್ನೊಂದು ಹುಚ್ಚು ಹತ್ತಿತು. ನನ್ನಲ್ಲಿರುವ ಕೆಲವು ಡಿವಿಡಿಗಳು ‘ಪಾಲ್’ ಎಂಬ ಟಿವಿ ಪದ್ಧತಿಯವು, ಅವುಗಳಲ್ಲಿ ಸಿನಿಮಾ ಸೆಕೆಂಡಿಗೆ 25 ಫ್ರೇಮ್‌ಗಳ ವೇಗದಲ್ಲಿ ಓಡುತ್ತದೆ. ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಬೇಗ ಮುಗಿಯುತ್ತದೆ, ಗಾಯಕರ ದನಿಯೂ ತುಸು ತೆಳುವಾಗುತ್ತದೆ. ಧ್ವನಿಯ ಸಮೇತ 24ಕ್ಕೆ ಇಳಿಸಿದೆ. ಅಡುಗೆಮನೆಯಲ್ಲಿದ್ದ ಅಮ್ಮ ಪರದೆ ನೋಡದೆಯೇ ‘ಈಗ ಅವರ ಕಂಠ ಸರಿಯಾಗಿದೆ’ ಎಂದರು. ಇನ್ನೂ ಮೂವತ್ತು ಡಿಸ್ಕ್‌ಗಳಾದರೂ ಬಾಕಿ ಇವೆ.